ಕನ್ನಡ ಸತ್ಯವೇದದಲ್ಲಿ ‘ಪ್ರೀತಿ’ ಶಬ್ದ: ಒಂದು ವಿಮರ್ಶೆ

ಒಂದು ಮತದ ಮುಖ್ಯ ತತ್ತ್ವವು ಹೊಸ ಭಾಷೆಯನ್ನು ಪ್ರವೇಶಿಸುವಾಗ ಆ ಭಾಷೆಯಲ್ಲಿ ಮೊದಲೇ ಬೇರೂರಿರುವ ಶಬ್ದಗಳನ್ನು ಆಶ್ರಯಿಸದೆ ಗತ್ಯಂತರವಿಲ್ಲ. ಹಾಗೆ ಆಶ್ರಯವಿತ್ತ ಶಬ್ದವು ತನ್ನ ಪೂರ್ವಸಂಸ್ಕಾರವನ್ನು ಹೊರಗೆ ಬಿಟ್ಟು ಬರುವುದಿಲ್ಲ. ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಮನೆಯಲ್ಲಿ ಬಾಳಬೇಕಾಗುತ್ತದೆ. ಕ್ರೈಸ್ತಮತದ ಹೃದಯಸ್ಥಾನದಲ್ಲಿರುವ ಭಾವಕ್ಕೆ ಕನ್ನಡ ಸತ್ಯವೇದದಲ್ಲಿ ‘ಪ್ರೀತಿ’ ಎಂಬ ಹೆಸರು ನಿಂತಿದೆ. ಈ ಶಬ್ದವನ್ನು ಕುರಿತು ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ಎರಡು ಅಭಿಪ್ರಾಯಗಳು ರೂಢವಾಗಿವೆ. ಕ್ರೈಸ್ತರು ಪ್ರೀತಿಯೆನ್ನುವುದು ನಮ್ಮ ಭಕ್ತಿಯೇ, ಹೆಸರು ಮಾತ್ರ ಬೇರೆ ಎಂಬುದು ಒಂದು. ಅದು ಪರದೇಶದ ಭಾವ, ಕನ್ನಡದ ಯಾವ ಶಬ್ದವೂ ಅದನ್ನು ಹೊರಲಾರದು ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ಎರಡೂ ಪರೀಕ್ಷೆಯ ಮುಂದೆ ಪೂರ್ಣವಾಗಿ ನಿಲ್ಲಲಾರವು.

ಈ ಪರೀಕ್ಷೆಗೆ ಶಿವಮೊಗ್ಗ ಭದ್ರಾವತಿಗಳ ಸೀಮೆಗಿಂತ ಉಚಿತವಾದ ಕ್ಷೇತ್ರ ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಅಲ್ಲಮಪ್ರಭುವಿನ ಹೆಸರಿನೊಡನೆ ಸೇರಿದ ಬಳ್ಳಿಗಾವೆ, ಅಕ್ಕಮಹಾದೇವಿಯ ಹೆಸರಿನೊಡನೆ ಸೇರಿದ ಉಡುತಡಿ, ಇವೆರಡೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ದೇವರ ಒಲುಮೆಯನ್ನು ಕುರಿತು ಕನ್ನಡವು ಆಡಿದ ಅತ್ಯುನ್ನತವಾದ ಮಾತುಗಳಿಗೆ ಈ ನೆಲದ ನೆನಪು ಅಂಟಿಕೊಂಡಿದೆ. ಅದೇ ಜಿಲ್ಲೆಯ ಮುಖ್ಯಪಟ್ಟಣವು ೧೯೮೮ರಲ್ಲಿ ಕಥೋಲಿಕ ಧರ್ಮಪ್ರಾಂತ್ಯವೊಂದರ ಕೇಂದ್ರವಾಯಿತು. ಅಲ್ಲಿಯ ಪ್ರಧಾನಾಲಯಕ್ಕೆ ಯೇಸುವಿನ ಪವಿತ್ರ ಹೃದಯದ ಹೆಸರು. ಪಕ್ಕದ ಭದ್ರಾವತಿಯಾದರೋ, ಹಿಂದಿನ ಬೆಂಕಿಪುರ. ೧೯೧೮ರಲ್ಲಿ ಸ್ಥಾಪಿತವಾಗಿ ೧೯೨೩ರಲ್ಲಿ ಕಬ್ಬಿಣವನ್ನು ತೆಗೆಯಲಾರಂಭಿಸಿದ ಕಾರ್ಖಾನೆಯಿಂದಲೂ, ೧೯೩೬ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯಿಂದಲೂ ಹಲವು ಭಾಷೆಗಳ ಜನ ಒಂದೆಡೆ ನೆಲಸಿದ ಊರು. ಇನ್ನು ಮಲೆನಾಡಿನ ಜೀವನವನ್ನೂ ಅದರೊಳಕ್ಕೆ ಕಾಲಿಟ್ಟ ಕ್ರೈಸ್ತ ಪ್ರಚಾರವನ್ನೂ ಒಟ್ಟಿಗೆ ಚಿತ್ರಿಸಿದ ಕುವೆಂಪು ಅವರು ಈ ಜಿಲ್ಲೆಯ ತೀರ್ಥಹಳ್ಳಿ ಸೀಮೆಯವರು. ಹೀಗೆ ಶಬ್ದದ ಹಳೆಯ ಬಾಳು, ಹೊಸ ಬಾಳು, ಅದರ ಮೇಲಿನ ಆಕ್ಷೇಪ, ಮೂರೂ ಒಂದೇ ಸೀಮೆಯಲ್ಲಿ ಕಾಣಬರುತ್ತವೆ.

ಮೊದಲು ಮೂಲಶಬ್ದದ ವಿಚಾರ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಈ ಭಾವಕ್ಕೆ ‘ಅಗಾಪೆ’ ಎಂಬ ನಾಮಪದವೂ ಅದರ ಕ್ರಿಯಾಪದವೂ ಪ್ರಧಾನವಾಗಿ ಬಂದಿವೆ. ಕಾಮನೆಯನ್ನು ಸೂಚಿಸುವ ‘ಎರೋಸ್’ ಶಬ್ದವು ಆ ಗ್ರಂಥದಲ್ಲಿ ಒಮ್ಮೆಯೂ ಇಲ್ಲ. ಇದನ್ನೇ ಆಧಾರಮಾಡಿಕೊಂಡು ಸ್ವೀಡನ್ ದೇಶದ ದೈವಶಾಸ್ತ್ರಜ್ಞ ಆಂಡರ್ಸ್ ನೈಗ್ರೆನ್, ೧೯೩೦ ಮತ್ತು ೧೯೩೬ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇವೆರಡರ ನಡುವೆ ದಾಟಲಾಗದ ಕಂದಕವನ್ನು ತೋಡಿದನು: ಎರೋಸ್ ಎಂಬುದು ಮೇಲಕ್ಕೆ ಏರುವ ಆಸೆ, ತನಗಿಲ್ಲದುದನ್ನು ಅರಸುವುದು, ಅಗಾಪೆ ಎಂಬುದು ಕೆಳಕ್ಕೆ ಇಳಿಯುವ ದಾನ, ಪಾತ್ರಾಪಾತ್ರತೆಯನ್ನು ನೋಡದುದು. ಈ ವಿಭಾಗವು ಸ್ಪಷ್ಟವೂ ಆಕರ್ಷಕವೂ ಆಗಿದೆ. ಆದರೆ ಶಬ್ದಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ಹೀಬ್ರೂ ಧರ್ಮಗ್ರಂಥದ ಪ್ರಾಚೀನ ಗ್ರೀಕ್ ಅನುವಾದದಲ್ಲಿ ನಲ್ಲನಲ್ಲೆಯರ ಹಾಡಾದ ಪರಮಗೀತದ ಒಲವಿಗೂ ‘ಅಗಾಪೆ’ಯೇ ಹೆಸರು, ದಾವೀದನ ಮಗನಾದ ಅಮ್ನೋನನು ತಾಮಾರಳಲ್ಲಿ ಇಟ್ಟ ದುರ್ಮೋಹಕ್ಕೂ ಅದೇ ಧಾತು. ಆದುದರಿಂದ ಆ ಶಬ್ದವು ಹುಟ್ಟಿನಿಂದಲೇ ಪವಿತ್ರವಾದುದೆಂದು ಹೇಳುವಂತಿಲ್ಲ. ಅದನ್ನು ಬೇರೆಯಾಗಿಸಿದುದು ಕೋಶವಲ್ಲ, ಕಥೆ. ಅದು ಯಾರ ಬಾಯಲ್ಲಿ, ಯಾವ ಪ್ರಸಂಗದಲ್ಲಿ, ಯಾವ ಕಾರ್ಯದ ಜೊತೆಯಲ್ಲಿ ಬಂದಿತು ಎಂಬುದು.

ಯೂರೋಪಿನ ಭಾಷೆಗಳಲ್ಲಿಯೂ ಈ ಶಬ್ದದ ಹಾದಿ ನೇರವಾಗಿರಲಿಲ್ಲ. ಲ್ಯಾಟಿನ್ ಅನುವಾದವು ‘ಕಾರಿತಾಸ್’ ಎಂಬುದನ್ನು ಹೆಚ್ಚಾಗಿ ಆರಿಸಿಕೊಂಡಿತು. ಇಂಗ್ಲಿಷಿನಲ್ಲಿ ಟಿಂಡೇಲನು ೧೫೨೬ರಲ್ಲಿ ‘ಲವ್’ ಎಂದಾಗ ಥಾಮಸ್ ಮೋರನು ಅದನ್ನು ಆಕ್ಷೇಪಿಸಿದನು. ೧೬೧೧ರ ಅನುವಾದದಲ್ಲಿ ಪೌಲನ ಪ್ರಸಿದ್ಧ ಅಧ್ಯಾಯಕ್ಕೆ ‘ಚ್ಯಾರಿಟಿ’ ಬಂದಿತು. ೧೮೮೧ರ ಪರಿಷ್ಕರಣದಲ್ಲಿ ‘ಲವ್’ ಮರಳಿತು. ಕನ್ನಡದ ಅನುವಾದಕರು ಈ ವಿಷಯದಲ್ಲಿ ೧೬೧೧ರ ಇಂಗ್ಲಿಷನ್ನು ಅನುಸರಿಸಿದ್ದರೆ ‘ಧರ್ಮ’ ಅಥವಾ ‘ದಾನ’ ಎನ್ನಬೇಕಾಗುತ್ತಿತ್ತು. ಏಕೆಂದರೆ ಜನರ ಮಾತಿನಲ್ಲಿ ‘ಧರ್ಮ ಮಾಡು’ ಎಂದರೆ ಭಿಕ್ಷೆ ಕೊಡು ಎಂದೇ ಅರ್ಥ. ಆಗ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿಮೂರನೆಯ ಅಧ್ಯಾಯವು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತಿತ್ತು. ತನಗಿರುವುದನ್ನೆಲ್ಲ ಬಡವರಿಗೆ ಹಂಚಿದರೂ ಈ ಒಂದು ಗುಣವಿಲ್ಲದಿದ್ದರೆ ಪ್ರಯೋಜನವಿಲ್ಲವೆಂಬುದು ಅಲ್ಲಿಯ ತಾತ್ಪರ್ಯ. ದಾನವಿಲ್ಲದ ದಾನ ಎಂಬ ವ್ಯಾಘಾತದಿಂದ ಕನ್ನಡವನ್ನು ಪಾರುಮಾಡಿದುದು ‘ಪ್ರೀತಿ’ ಶಬ್ದದ ಮೊದಲನೆಯ ಉಪಕಾರ.

ಕನ್ನಡ ಸತ್ಯವೇದವು ಒಬ್ಬನ ಕೃತಿಯಲ್ಲ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ಕೋಶಕರ್ತನೆಂದು ಪ್ರಸಿದ್ಧನಾದ ವಿಲಿಯಂ ರೀವ್, ಪರಿಷ್ಕರಣದಲ್ಲಿ ದುಡಿದ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರೂ ಅವರ ಜೊತೆಗಿದ್ದ ದೇಶೀಯ ಪಂಡಿತರೂ ಇದರಲ್ಲಿ ಕೈಯಿಟ್ಟಿರುವರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶವೂ ಈ ಶಬ್ದಾನ್ವೇಷಣೆಯ ವಾತಾವರಣದಲ್ಲಿಯೇ ಬೆಳೆದುದು. ಇಷ್ಟು ಜನರ ಮುಂದೆ ಒಲವು, ಒಲುಮೆ, ಕೂರ್ಮೆ, ಅಕ್ಕರೆ, ನೇಹ, ಮಮತೆ, ಪ್ರೇಮ, ಕರುಣೆ, ದಯೆ, ಭಕ್ತಿ ಎಂಬ ಶಬ್ದಸಂಪತ್ತು ಇದ್ದಿತು. ಕೂರ್ಮೆಯು ಹಳಗನ್ನಡದ್ದು, ಅಕ್ಕರೆಯು ಮನೆಮಕ್ಕಳ ಮೇಲಿನದು, ಕರುಣೆ ದಯೆಗಳು ಮೇಲಿನವನು ಕೆಳಗಿನವನಲ್ಲಿ ತೋರುವುವು, ಭಕ್ತಿಯು ಕೆಳಗಿನವನು ಮೇಲಿನವನಲ್ಲಿ ಇಡುವುದು. ದೇವರು ಮನುಷ್ಯನಲ್ಲಿಯೂ ಮನುಷ್ಯನು ದೇವರಲ್ಲಿಯೂ ಮನುಷ್ಯನು ಮನುಷ್ಯನಲ್ಲಿಯೂ ಇಡತಕ್ಕ ಭಾವಕ್ಕೆ ಒಂದೇ ಹೆಸರಿರಬೇಕೆಂಬುದು ಮೂಲಗ್ರಂಥದ ನಿರ್ಬಂಧ. ಈ ಮೂರು ದಿಕ್ಕುಗಳಲ್ಲಿಯೂ ಸಂಕೋಚವಿಲ್ಲದೆ ಸಂಚರಿಸಬಲ್ಲ ಶಬ್ದಗಳು ‘ಪ್ರೀತಿ’ ಮತ್ತು ‘ಪ್ರೇಮ’ ಎರಡೇ; ಅವುಗಳಲ್ಲಿ ಪ್ರೀತಿಯು ಹೆಚ್ಚು ಮನೆಮಾತಿನದು.

ಆದರೂ ಈ ಶಬ್ದದಲ್ಲಿ ಒಂದು ತೊಡಕುಂಟು. ಸಂಸ್ಕೃತದ ‘ಪ್ರೀ’ ಧಾತುವಿಗೆ ತೃಪ್ತಿಪಡಿಸುವುದು, ಬಯಸುವುದು ಎಂಬ ಅರ್ಥಗಳನ್ನು ಧಾತುಪಾಠವು ಕೊಡುತ್ತದೆ. ಕರ್ಮಕಾಂಡದ ಸಂಕಲ್ಪದಲ್ಲಿ ‘ಪ್ರೀತ್ಯರ್ಥ’ವೆಂದರೆ ದೇವತೆಯು ಸಂತುಷ್ಟವಾಗಲೆಂದು. ಅಲ್ಲಿ ಪ್ರೀತಿಯು ಪೂಜೆಯ ಫಲ: ಮನುಷ್ಯನು ಮೊದಲು ಅರ್ಪಿಸುತ್ತಾನೆ, ದೇವತೆಯು ಆಮೇಲೆ ಪ್ರೀತವಾಗುತ್ತದೆ. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಮೊದಲು ಪ್ರೀತಿಸಿದವನು ದೇವರು. ಮನುಷ್ಯನ ಪ್ರೀತಿಯು ಅದಕ್ಕೆ ಉತ್ತರ ಮಾತ್ರ. ಹೀಗೆ ಒಂದೇ ಶಬ್ದವು ಒಂದು ಕಡೆ ಸಂಪಾದಿಸತಕ್ಕ ಪ್ರಸನ್ನತೆಯನ್ನೂ ಇನ್ನೊಂದು ಕಡೆ ಸಂಪಾದನೆಗೆ ಮುಂಚೆಯೇ ಒದಗಿದ ಅನುಗ್ರಹವನ್ನೂ ಸೂಚಿಸುತ್ತದೆ. ಕನ್ನಡ ಓದುಗನು ಮೊದಲನೆಯ ಅರ್ಥದಲ್ಲಿಯೇ ನಿಂತುಬಿಟ್ಟರೆ ಕ್ರೈಸ್ತಗ್ರಂಥದ ದೇವರೂ ಹರಕೆಯಿಂದ ಒಲಿಯುವ ದೇವತೆಯಂತೆ ಅವನಿಗೆ ತೋರುವುದು ಸಹಜ. ಇಲ್ಲಿ ದೋಷವು ಅನುವಾದಕರದೆನ್ನಲಾಗದು. ಆದರೆ ವ್ಯಾಖ್ಯಾನಕಾರನ ಕೆಲಸವು ಇಲ್ಲಿಂದಲೇ ಮೊದಲಾಗಬೇಕು.

ದೇವರಿಗೂ ಪ್ರೀತಿಗೂ ಇರುವ ಸಂಬಂಧವನ್ನು ಹೇಳುವ ವಾಕ್ಯದಲ್ಲಿ ಕನ್ನಡವು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಗ್ರೀಕಿನಲ್ಲಿ ದೇವರೆಂಬ ಪದಕ್ಕೆ ಪ್ರೀತಿಯೆಂಬ ನಾಮಪದವೇ ನೇರವಾಗಿ ವಿಧೇಯವಾಗಿದೆ. ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲಿ ಅದು ‘ಪ್ರೀತಿಸ್ವರೂಪಿ’ ಎಂಬ ಸಮಾಸವಾಯಿತು. ಭದ್ರಾವತಿಯಂತಹ ಊರಿನಲ್ಲಿ ಈ ಮಾತನ್ನು ನೆರೆಭಾಷೆಗಳೊಡನೆ ಹೋಲಿಸಿ ನೋಡುವುದು ಕಷ್ಟವಲ್ಲ. ತೆಲುಗಿನವರಿಗೆ ದೇವರು ‘ಪ್ರೇಮಾಸ್ವರೂಪಿ’. ತಮಿಳಿನವರು ‘ಅನ್ಬು’ ಎಂಬ ಅಚ್ಚದೇಶ್ಯವನ್ನು ಹಿಡಿದಿರುವರು. ಮಲಯಾಳದವರು ‘ಸ್ನೇಹಂ’ ಎನ್ನುವರು. ಕೊಂಕಣಿಯವರಿಗೆ ಅದು ‘ಮೋಗ್’. ತಮಿಳೂ ಮಲಯಾಳವೂ ‘ಸ್ವರೂಪ’ದ ಸಹಾಯವಿಲ್ಲದೆ ವಾಕ್ಯವನ್ನು ಮುಗಿಸಿವೆ. ಕನ್ನಡ ತೆಲುಗುಗಳು ವೇದಾಂತಿಗಳ ಪರಿಭಾಷೆಯನ್ನು ಬೇಡಿ ತಂದಿವೆ. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಬ್ರಹ್ಮವನ್ನು ಸಚ್ಚಿದಾನಂದಸ್ವರೂಪವೆಂದು ಕೇಳಿ ಬಲ್ಲ ಕನ್ನಡಿಗನಿಗೆ ಪ್ರೀತಿಯು ದೇವರ ಒಂದು ಗುಣವಲ್ಲ, ಅವನ ಇರವೇ ಅದು ಎಂಬ ಅರ್ಥವು ಒಡನೆಯೇ ಹೊಳೆಯುವುದು, ಇದು ಲಾಭ. ಸ್ವರೂಪವೆಂಬುದು ನಿಶ್ಚಲವಾದುದು, ಕಾಲಾತೀತವಾದುದು. ಯೋಹಾನನ ಪತ್ರಿಕೆಯಾದರೋ ಆ ಮಾತಿನ ಬೆನ್ನಿಗೇ ಕಾಲದಲ್ಲಿ ನಡೆದ ಒಂದು ಕಾರ್ಯವನ್ನು, ಮಗನನ್ನು ಕಳುಹಿಸಿಕೊಟ್ಟುದನ್ನು, ಪ್ರಮಾಣವಾಗಿ ಎತ್ತಿ ಹೇಳುತ್ತದೆ. ಸ್ವರೂಪವು ಕಾರ್ಯವನ್ನು ಮರೆಸಿದರೆ ಅದು ನಷ್ಟ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಸೂಕ್ಷ್ಮಭೇದವಿರುವ ಸ್ಥಳವೊಂದು ಉಪಾಧ್ಯಾಯರಿಗೆ ವಿಶೇಷವಾಗಿ ಉಪಯೋಗವಾಗಬಲ್ಲದು. ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ, ತನ್ನನ್ನು ಮೂರು ಸಾರಿ ಅರಿಯೆನೆಂದ ಪೇತ್ರನನ್ನು ಯೇಸು ಮೂರು ಸಾರಿ ಪ್ರಶ್ನಿಸುತ್ತಾನೆ. ಮೊದಲೆರಡು ಪ್ರಶ್ನೆಗಳಲ್ಲಿ ಅಗಾಪೆಯ ಕ್ರಿಯಾಪದವಿದೆ. ಪೇತ್ರನ ಉತ್ತರಗಳಲ್ಲೆಲ್ಲ ಗೆಳೆತನದ ಒಲವನ್ನು ಸೂಚಿಸುವ ಫಿಲಿಯದ ಕ್ರಿಯಾಪದವಿದೆ. ಮೂರನೆಯ ಪ್ರಶ್ನೆಯಲ್ಲಿ ಕೇಳುವವನೇ ಪೇತ್ರನ ಶಬ್ದಕ್ಕೆ ಇಳಿಯುತ್ತಾನೆ. ಇದು ಶೈಲಿಯ ವೈವಿಧ್ಯ ಮಾತ್ರವೆನ್ನುವ ಪಂಡಿತರೂ ಇರುವರು. ಅರ್ಥಭೇದವನ್ನು ಒಪ್ಪುವ ಪಕ್ಷದಲ್ಲಿ ಕನ್ನಡಕ್ಕೆ ಸಾಮಗ್ರಿಯ ಕೊರತೆಯೇನೂ ಇಲ್ಲ: ಪ್ರೀತಿ ಮಮತೆ, ಪ್ರೀತಿ ಅಕ್ಕರೆ ಎಂಬ ಜೋಡಿಗಳಿಂದ ಅದನ್ನು ಕಾಣಿಸಬಹುದು. ಮುಖ್ಯವಾದುದು ಪ್ರತಿ ಉತ್ತರದ ಬಳಿಕ ಬರುವ ಅಪ್ಪಣೆ. ಪ್ರೀತಿಯನ್ನು ಒಪ್ಪಿಕೊಂಡವನಿಗೆ ಕುರಿಗಳನ್ನು ಮೇಯಿಸುವ ಕೆಲಸವನ್ನು ಹೊರಿಸಲಾಗಿದೆ. ಪ್ರೀತಿಯ ಪರೀಕ್ಷೆಯು ಭಾವದಲ್ಲಿ ಮುಗಿಯದೆ ಹೊಣೆಯಲ್ಲಿ ಮುಗಿಯುತ್ತದೆ.

ಇಲ್ಲಿಯೇ ಈ ವಿಷಯದ ಅತ್ಯಂತ ಕಠಿನವಾದ ಪ್ರಶ್ನೆಯೂ ಏಳುವುದು. ಭಾವವನ್ನು ಆಜ್ಞಾಪಿಸಬಹುದೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ರತಿಯು ಸ್ಥಾಯಿಭಾವ. ವಿಭಾವಾದಿಗಳು ಒದಗಿದಾಗ ಉದ್ಬುದ್ಧವಾಗುವುದೇ ಹೊರತು ಅಪ್ಪಣೆಯಿಂದ ಹುಟ್ಟುವುದಲ್ಲ. ರುದ್ರಟನು ಸ್ನೇಹವನ್ನು ಸ್ಥಾಯಿಯಾಗಿ ಮಾಡಿ ಪ್ರೇಯಸ್ಸೆಂಬ ರಸವನ್ನು ಸೇರಿಸಿದರೂ ಈ ನಿಯಮವು ಬದಲಾಗಲಿಲ್ಲ. ಯೇಸುವಾದರೋ ಪ್ರೀತಿಯನ್ನು ಆಜ್ಞೆಯಾಗಿ ವಿಧಿಸುತ್ತಾನೆ. ಹಗೆಯ ವಿಷಯದಲ್ಲಿಯೂ ವಿಧಿಸುತ್ತಾನೆ. ಜರ್ಮನಿಯ ತತ್ತ್ವಜ್ಞ ಕಾಂಟನು ೧೭೮೫ರಲ್ಲಿ ಈ ಸಂದೇಹವನ್ನೆತ್ತಿ, ಒಲವನ್ನು ಆಜ್ಞಾಪಿಸಲಾಗದು, ಸಂಕಲ್ಪದಲ್ಲಿ ನೆಲೆಸಿದ ಸತ್ಕಾರ್ಯವನ್ನು ಆಜ್ಞಾಪಿಸಬಹುದು ಎಂದು ಸಮಾಧಾನ ಹೇಳಿದನು. ಈ ಸಮಾಧಾನವು ಅರ್ಧದೂರ ಮಾತ್ರ ಸಾಗುತ್ತದೆ. ಭಾವರಹಿತವಾದ ಉಪಕಾರವೇ ಸಾಕಾಗಿದ್ದರೆ ಪೌಲನು ದಾನವನ್ನೂ ಪ್ರೀತಿಯನ್ನೂ ಬೇರೆಬೇರೆಯಾಗಿ ಎಣಿಸುತ್ತಿರಲಿಲ್ಲ. ಆದುದರಿಂದ ಕ್ರೈಸ್ತಗ್ರಂಥದ ಪ್ರೀತಿಯು ರಸಾನುಭವವೂ ಅಲ್ಲ, ಬರಿಯ ಕರ್ತವ್ಯವೂ ಅಲ್ಲ. ತಾನು ಮೊದಲೇ ಪ್ರೀತಿಸಲ್ಪಟ್ಟೆನೆಂಬ ಅರಿವಿನಿಂದ ಹೊರಡುವ ಸಂಕಲ್ಪವೆಂದೇ ಹೇಳಬೇಕಾಗುತ್ತದೆ. ಆಜ್ಞೆಯು ಭಾವವನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಕೃತಜ್ಞತೆಗೆ ದಾರಿಯನ್ನು ತೋರಿಸುತ್ತದೆ.

ಹಾಗಾದರೆ ಇದು ಶರಣರ ಭಕ್ತಿಗಿಂತ ಬೇರೆಯೆ? ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕನು ಚೆನ್ನಮಲ್ಲಿಕಾರ್ಜುನನನ್ನು ಪತಿಯೆಂದು ವರಿಸಿ ಲೌಕಿಕ ದಾಂಪತ್ಯವನ್ನು ತೊರೆದಳೆಂದು ಪರಂಪರೆಯು ಹೇಳುತ್ತದೆ. ಅದೇ ಶತಮಾನದಲ್ಲಿ, ೧೧೩೫ರಿಂದ ೧೧೫೩ರಲ್ಲಿ ಮರಣ ಹೊಂದುವವರೆಗೆ, ಫ್ರಾನ್ಸಿನ ಕ್ಲೇರ್ವೊ ಮಠದ ಬರ್ನಾರ್ಡನು ಪರಮಗೀತದ ಮೇಲೆ ೮೬ ಉಪದೇಶಗಳನ್ನು ರಚಿಸಿ, ಜೀವವನ್ನು ವಧುವೆಂದೂ ಕ್ರಿಸ್ತನನ್ನು ವರನೆಂದೂ ವರ್ಣಿಸಿದನು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಸಂಭವವೇ ಇರಲಿಲ್ಲ. ಆದರೂ ವಿರಹ, ಅನನ್ಯತೆ, ಲೋಕದ ನಂಟಿನ ನಿರಾಕರಣೆ ಇವು ಇಬ್ಬರಲ್ಲಿಯೂ ಸಮಾನ. ಇಷ್ಟರಿಂದಲೇ ನೈಗ್ರೆನನ ಕಂದಕವು ಕ್ರೈಸ್ತ ಸಂಪ್ರದಾಯದ ಒಳಗೇ ಮುಚ್ಚಿಹೋಗುತ್ತದೆ. ಬರ್ನಾರ್ಡನಲ್ಲಿ ಏರುವ ಆಸೆಯೂ ಇಳಿಯುವ ಅನುಗ್ರಹವೂ ಕೂಡಿಯೇ ಇವೆ. ೨೦೦೫ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ಪ್ರೀತಿಯನ್ನೇ ವಿಷಯವಾಗಿರಿಸಿಕೊಂಡು ಹೊರಡಿಸಿದ ತಮ್ಮ ಪ್ರಥಮ ವಿಶ್ವಪತ್ರದಲ್ಲಿ ಇವೆರಡನ್ನೂ ಪೂರ್ಣವಾಗಿ ಬೇರ್ಪಡಿಸಲಾಗದೆಂದು ಪ್ರತಿಪಾದಿಸಿರುವರು.

ಶರಣರ ಮಾರ್ಗದಲ್ಲಿ ಲೋಕವಿಮುಖತೆ ಮಾತ್ರವಿದೆ, ಕ್ರೈಸ್ತರಲ್ಲಿ ಮಾತ್ರ ಪರಸೇವೆಯಿದೆ ಎಂಬ ಸಾಮಾನ್ಯವಾದ ಹೋಲಿಕೆಯಾದರೂ ನ್ಯಾಯವಾದುದಲ್ಲ. ದಾಸೋಹವೂ ಜಂಗಮಸೇವೆಯೂ, ಬಸವಣ್ಣನವರು ದಯೆಗೆ ಧರ್ಮದಲ್ಲಿ ಕೊಟ್ಟ ಸ್ಥಾನವೂ ಅದನ್ನು ಸುಳ್ಳುಮಾಡುತ್ತವೆ. ಭೇದವಿರುವುದು ಬೇರೊಂದು ಕಡೆ. ಜಂಗಮನಲ್ಲಿ ಶರಣನು ಲಿಂಗವನ್ನು ಕಾಣುತ್ತಾನೆ. ಅವನ ಸೇವೆಯು ಪೂಜ್ಯನ ಸೇವೆ. ಕ್ರೈಸ್ತಗ್ರಂಥವು ಎದುರಿಗಿರುವವನು ಪೂಜ್ಯನಲ್ಲದಿದ್ದರೂ, ಹಗೆಯೇ ಆಗಿದ್ದರೂ, ಅವನು ಆ ಸ್ಥಿತಿಯಲ್ಲಿರುವಾಗಲೇ ಅವನನ್ನು ಪ್ರೀತಿಸೆಂದು ಕೇಳುತ್ತದೆ. ಭಕ್ತಿಯೆಂಬ ಶಬ್ದವು ಇಲ್ಲಿಗೆ ಬಂದು ನಿಲ್ಲುವುದು. ಪ್ರೀತಿಯೆಂಬ ಶಬ್ದವು ಇಲ್ಲಿಂದ ಮುಂದೆಯೂ ನಡೆಯಬೇಕಾಗಿದೆ.

ಲೂಕನ ಸುವಾರ್ತೆಯ ಸಮಾರ್ಯದವನ ಕಥೆಯು ಈ ಮುಂದಿನ ದಾರಿಯನ್ನು ಕಾಣಿಸುತ್ತದೆ. ಧರ್ಮಶಾಸ್ತ್ರಜ್ಞನು ತನ್ನ ನೆರೆಯವನು ಯಾರೆಂದು ಕೇಳುತ್ತಾನೆ. ಕನ್ನಡದ ‘ನೆರೆ’ ಎಂಬುದು ಸಾಮೀಪ್ಯವಾಚಕ. ಮನೆಗೆ ಮನೆ ಹತ್ತಿರವಿದ್ದರೆ ನೆರೆ. ಮಲೆನಾಡಿನ ಒಂಟಿಮನೆಗಳಲ್ಲಿ ನೆರೆಯೆಂಬುದು ಗುಡ್ಡದಾಚೆಗೂ ಇರಬಹುದು. ಭದ್ರಾವತಿಯ ಕಾರ್ಮಿಕರ ಮನೆಗಳ ಸಾಲಿನಲ್ಲಿ ಅದು ಒಂದು ಗೋಡೆಯ ಅಂತರ. ಅಲ್ಲಿ ಗೋಡೆಯಾಚೆಯವನ ಭಾಷೆ ಬೇರೆ, ಜಾತಿ ಬೇರೆ, ಮತ ಬೇರೆ. ಕುಲುಮೆಯ ಮುಂದಿನ ಬಿಸಿ ಮಾತ್ರ ಒಂದೇ. ಆದರೆ ಕಥೆಯಲ್ಲಿ ಯೇಸು ಸಾಮೀಪ್ಯವನ್ನೇ ಅಲಕ್ಷಿಸಿ ಪ್ರಶ್ನೆಯನ್ನು ತಿರುಗಿಸುತ್ತಾನೆ: ಗಾಯಗೊಂಡವನಿಗೆ ಮೂವರಲ್ಲಿ ನೆರೆಯವನಾದವನು ಯಾರು? ನೆರೆಯವನು ಇರುವವನಲ್ಲ, ಆಗುವವನು. ಕುಲದಲ್ಲಿ ಹತ್ತಿರದವರಾದ ಯಾಜಕನೂ ಲೇವಿಯನೂ ದೂರ ಸರಿದರು. ದೂರದವನೆಂದು ಎಣಿಸಲ್ಪಟ್ಟ ಸಮಾರ್ಯದವನು ಹತ್ತಿರ ಬಂದನು. ಗಾಯಕ್ಕೆ ಎಣ್ಣೆ ದ್ರಾಕ್ಷಾರಸಗಳನ್ನು ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ, ಛತ್ರದವನಿಗೆ ಹಣ ಕೊಟ್ಟನು. ಇಡೀ ಕಥೆಯಲ್ಲಿ ಅವನ ಭಾವಕ್ಕೆ ಸಂದುದು ಒಂದೇ ಮಾತು. ಉಳಿದುದೆಲ್ಲ ಅವನ ಕೈಗಳ ಕೆಲಸ. ‘ಪ್ರೀತಿ’ಯ ಅರ್ಥಕ್ಕೆ ಇದಕ್ಕಿಂತ ಪ್ರಮಾಣಭೂತವಾದ ನಿಘಂಟು ಕ್ರೈಸ್ತಸಾಹಿತ್ಯದಲ್ಲಿಲ್ಲ.

ಈ ಮಾನದಂಡವು ಸಿದ್ಧವಾದ ಮೇಲೆ ಆಕ್ಷೇಪವನ್ನೂ ಆಲಿಸಬೇಕು. ೧೯೬೭ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನೂ ಅವನ ಪ್ರಭಾವಕ್ಕೆ ಒಳಗಾಗುವ ಬೆಟ್ಟಳ್ಳಿಯ ದೇವಯ್ಯನೂ ವಾಚಕರಿಗೆ ಪರಿಚಿತರು. ಅಲ್ಲಿ ಹೊಸ ಮತವು ಹೊಸ ನಾಗರಿಕತೆಯ ಸಲಕರಣೆಗಳೊಡನೆ ಬರುತ್ತದೆ. ಯಾವುದು ಸುವಾರ್ತೆ, ಯಾವುದು ಆಮಿಷ ಎಂಬುದು ಮಲೆನಾಡಿಗನಿಗೆ ಬೇರ್ಪಡಿಸಿ ತಿಳಿಯುವುದಿಲ್ಲ. ಕುವೆಂಪು ಅವರು ಕ್ರೈಸ್ತಸಂಸ್ಥೆಗಳನ್ನು ಹೊರಗಿನಿಂದ ಮಾತ್ರ ಕಂಡವರಲ್ಲ. ಮೈಸೂರಿನ ವೆಸ್ಲಿಯನ್ ಮಿಶನ್ ಪ್ರೌಢಶಾಲೆಯಲ್ಲಿ ಓದಿದವರು. ಅವರ ವಿಡಂಬನೆಯ ಹಿಂದೆ ನಿಲ್ಲುವ ಪ್ರಶ್ನೆಯು ಗಂಭೀರವಾದುದು: ಎದುರಿನವನನ್ನು ತನ್ನವನನ್ನಾಗಿ ಮಾಡಿಕೊಳ್ಳುವ ಉದ್ದೇಶದಿಂದ ತೋರಿದ ಪ್ರೀತಿಯು ಪ್ರೀತಿಯೆ? ಈ ಪ್ರಶ್ನೆಗೆ ಉತ್ತರವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಪೌಲನ ಅಧ್ಯಾಯವೇ ಪ್ರೀತಿಯ ಲಕ್ಷಣಗಳಲ್ಲಿ ಸ್ವಪ್ರಯೋಜನವನ್ನು ಅರಸದಿರುವುದನ್ನು ಎಣಿಸಿದೆ. ಸಮಾರ್ಯದವನು ಗಾಯಗೊಂಡವನ ಮತವನ್ನು ವಿಚಾರಿಸಲಿಲ್ಲ. ಗುಣವಾದ ಮೇಲೆ ತನ್ನ ಬೆಟ್ಟದ ಆಲಯಕ್ಕೆ ಬಾ ಎನ್ನಲೂ ಇಲ್ಲ. ಹೀಗೆ ಕಾದಂಬರಿಯ ವಿಮರ್ಶೆಯು ಕ್ರೈಸ್ತಪ್ರೀತಿಯ ಆದರ್ಶವನ್ನು ತಳ್ಳಿಹಾಕುವುದಿಲ್ಲ. ಆ ಆದರ್ಶದಿಂದಲೇ ಪ್ರಚಾರಕನನ್ನು ಅಳೆಯಲು ಓದುಗನಿಗೆ ಅವಕಾಶ ಕೊಡುತ್ತದೆ. ಆದರೆ ಇದೇ ನ್ಯಾಯದಿಂದ, ಮಲೆನಾಡಿನಲ್ಲಿ ಯಾರ ಮುಖವನ್ನು ನೋಡಿದರೂ ಅಶುದ್ಧಿಯೆಂದು ಎಣಿಸಲಾಗಿತ್ತೋ ಅವರನ್ನು ಹತ್ತಿರ ಕೂರಿಸಿ ಅಕ್ಷರ ಕಲಿಸಿದ ಕಾರ್ಯವನ್ನೂ ಅಳೆಯಬೇಕಾಗುವುದು. ಉದ್ದೇಶದ ಕಲಬೆರಕೆಯು ಆ ಕಾರ್ಯದ ಬೆಲೆಯನ್ನು ತಗ್ಗಿಸಬಹುದು, ಅಳಿಸಲಾರದು.

ಕ್ರೈಸ್ತರಲ್ಲದ ಕನ್ನಡ ಕವಿಗಳು ಈ ಪ್ರೀತಿಯನ್ನು ಹೇಗೆ ಗ್ರಹಿಸಿದರೆಂಬುದಕ್ಕೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವು ಸಾಕ್ಷಿ. ಕ್ರಿಸ್ತನ ಜೀವನದ ವಿವಿಧ ಘಟ್ಟಗಳನ್ನು ಬಿಟ್ಟು ಅವನ ಕಡೆಯ ದಿನವನ್ನೇ ಅವರು ವಸ್ತುವಾಗಿ ಆರಿಸಿದುದು ಅರ್ಥವತ್ತಾಗಿದೆ. ಪ್ರೀತಿಯನ್ನು ಉಪದೇಶಿಸುವ ಯೇಸುವಿಗಿಂತ ಪ್ರೀತಿಗಾಗಿ ಬೆಲೆ ತೆತ್ತ ಯೇಸುವೇ ಕಾವ್ಯಕ್ಕೆ ವಿಷಯವಾದನು. ಶಿವಮೊಗ್ಗದ ಪ್ರಧಾನಾಲಯದ ಹೆಸರೂ ಇದೇ ಅರ್ಥವನ್ನು ಬೇರೊಂದು ವಿಧದಲ್ಲಿ ಹೇಳುತ್ತದೆ. ಪವಿತ್ರ ಹೃದಯದ ಭಕ್ತಿಯು ೧೬೭೩ರಿಂದ ಫ್ರಾನ್ಸಿನ ಸಂನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕಳಿಗೆ ಆದವೆಂದು ಹೇಳುವ ದರ್ಶನಗಳಿಂದ ಪ್ರಸಾರಗೊಂಡು, ೧೮೫೬ರಲ್ಲಿ ಇಡೀ ಕಥೋಲಿಕ ಸಭೆಯ ಹಬ್ಬವಾಯಿತು. ಆ ಚಿತ್ರದಲ್ಲಿ ಹೃದಯವು ಉರಿಯುತ್ತಿದೆ. ಜೊತೆಗೆ ಗಾಯಗೊಂಡೂ ಇದೆ. ಉರಿಯು ಭಾವ, ಗಾಯವು ಬೆಲೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದವನಿಗೆ ಆ ಚಿತ್ರವು ಅರ್ಥವಾಗದು.

ಜನರ ಮಾತಿನ ಒಂದು ಜೋಡಿಯನ್ನು ಇಲ್ಲಿ ಗಮನಿಸತಕ್ಕದ್ದು. ದೇವರಲ್ಲಿಡುವ ನಂಬುಗೆಗೆ ಪ್ರೊಟೆಸ್ಟಂಟರು ‘ನಂಬಿಕೆ’ಯೆಂದೂ ಕಥೋಲಿಕರು ‘ವಿಶ್ವಾಸ’ವೆಂದೂ ಹೇಳುವರು. ಕನ್ನಡಿಗನಾದರೋ ‘ಪ್ರೀತಿವಿಶ್ವಾಸ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುತ್ತಾನೆ. ವಿಶ್ವಾಸವೆಂದರೆ ಅವನಿಗೆ ನಂಬುಗೆಯೂ ಹೌದು, ಒಲವೂ ಹೌದು. ದೈವಶಾಸ್ತ್ರಜ್ಞರು ಬೇರೆಬೇರೆಯಾಗಿ ವಿವರಿಸಿದ ಎರಡು ಗುಣಗಳನ್ನು ಆಡುಮಾತು ಒಂದು ಸಮಾಸದಲ್ಲಿ ಕಟ್ಟಿರುವುದರಿಂದ, ಪ್ರೀತಿಯು ಪರದೇಶದ ಭಾವವೆಂಬ ಎರಡನೆಯ ಅಭಿಪ್ರಾಯವು ದುರ್ಬಲವಾಗುತ್ತದೆ. ಹಗೆಯನ್ನು ಪ್ರೀತಿಸೆಂಬ ವಿಧಿಯೂ, ಮೊದಲು ಪ್ರೀತಿಸಿದವನು ದೇವರೆಂಬ ಕ್ರಮವೂ ಅದೇ ಶಬ್ದದ ಹಳೆಯ ಎಲ್ಲೆಯನ್ನು ಮೀರುವುದರಿಂದ, ಅದು ಭಕ್ತಿಯ ಪರ್ಯಾಯವೆಂಬ ಮೊದಲನೆಯ ಅಭಿಪ್ರಾಯವೂ ನಿಲ್ಲುವುದಿಲ್ಲ.

ಆದುದರಿಂದ ಈ ಶಬ್ದವನ್ನು ಬದಲಾಯಿಸಬೇಕಾದ ಅಗತ್ಯ ಕಾಣದು. ವಿವರಿಸಬೇಕಾದ ಅಗತ್ಯವು ಬಹಳವಾಗಿದೆ. ಕೋಶವನ್ನು ಮಾತ್ರ ತೆರೆದು ‘ಪ್ರೀತಿ’ಯನ್ನು ಪಾಠ ಹೇಳುವ ಉಪಾಧ್ಯಾಯನು ಸಂತೋಷ, ತೃಪ್ತಿ, ಒಲವು ಎಂಬಲ್ಲಿಗೆ ನಿಲ್ಲುವನು. ಪೇತ್ರನಿಗೆ ಹೊ‌ರಿಸಿದ ಹೊಣೆಯನ್ನೂ, ಛತ್ರದವನ ಕೈಗೆ ಬಿದ್ದ ಹಣವನ್ನೂ, ಗೊಲ್ಗೊಥಾದ ದಿನವನ್ನೂ ಅದರ ಪಕ್ಕದಲ್ಲಿಟ್ಟು, ಉಡುತಡಿಯ ಅಕ್ಕನ ಒಲುಮೆಯೊಡನೆ ಹೋಲಿಸಿ ಹೇಳಿದರೆ ಮಾತ್ರ ವಿದ್ಯಾರ್ಥಿಗೆ ಆ ಶಬ್ದದ ಎರಡು ಬಾಳುಗಳೂ ತಿಳಿಯುವುವು. ತನ್ನ ಹಳೆಯ ಅರ್ಥವನ್ನು ಕಳೆದುಕೊಳ್ಳದೆ ಹೊಸದೊಂದನ್ನು ಹೊರಬಲ್ಲ ಶಬ್ದವು ಭಾಷೆಗೆ ಸಂಪತ್ತು. ‘ಪ್ರೀತಿ’ಯು ಕನ್ನಡಕ್ಕೆ ಅಂತಹ ಸಂಪತ್ತಾಗಿದೆ.